ನಡು ಇಳಿಯುತ್ತಿದೆ, ಪ್ಯಾಂಟು ಯಾವಾಗ ಕೊಳ್ಳಲಿ?

ಓದುಗರ ಪ್ರಶ್ನೆ: ಉಡುಗೆ ತೊಡುಗೆ

ಪ್ರಶ್ನೆ: ನನಗೆ 43 ವರ್ಷ, ಎತ್ತರ 5 ಅಡಿ 8 ಇಂಚು. ಐದು ತಿಂಗಳಲ್ಲಿ 98 ಕೆ.ಜಿ.ಯಿಂದ 89ಕ್ಕೆ ಇಳಿದಿದ್ದೇನೆ. 78ಕ್ಕೆ ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಆಫೀಸಿಗೆ ಫಾರ್ಮಲ್ಸ್ ಬೇಕಿಲ್ಲ. ಟೀ ಶರ್ಟು, ಜೀನ್ಸ್, ಕಾರ್ಗೋ, ಸ್ನೀಕರ್ಸ್ ನನಗಿಷ್ಟ. ಇರುವುದೆಲ್ಲ ಡಬಲ್ ಎಕ್ಸ್‌ಎಲ್ ಮತ್ತು 38ರ ಸೊಂಟ. ಹೇಗೂ ಓವರ್‌ಸೈಜ್ ಫ್ಯಾಷನ್ ಅಲ್ಲವೇ ಎಂದು ಹಳೆಯದನ್ನೇ ಹಾಕಿಕೊಂಡರೆ, ಮಗಳು ‘ದೊಡ್ಡಪ್ಪನ ಬಟ್ಟೆ ಹಾಕ್ಕೊಂಡ ಹಾಗಿದೆ ಅಪ್ಪಾ’ ಅನ್ನುತ್ತಾಳೆ. ಈಗಲೇ ಹೊಸದು ಕೊಂಡರೆ ಆಮೇಲೆ ದಂಡ. ಏನು ಮಾಡಲಿ?
— ಬನಶಂಕರಿಯ ಓದುಗರು

ಉತ್ತರ: ಮಗಳು ಸರಿಯಾಗಿಯೇ ಗುರುತಿಸಿದ್ದಾಳೆ. ಓವರ್‌ಸೈಜ್ ಬೇರೆ, ದೊಡ್ಡ ಸೈಜ್ ಬೇರೆ. ಓವರ್‌ಸೈಜ್ ಎಂದೇ ಕತ್ತರಿಸಿದ ಟೀಯಲ್ಲಿ ಎದೆ ಅಗಲ, ತೋಳು ಅಗಲ, ಹೆಗಲಿನ ಹೊಲಿಗೆ ಒಂದೂವರೆ ಎರಡು ಇಂಚು ತೋಳಿನ ಮೇಲೆ ಇಳಿದಿರುತ್ತದೆ. ಆದರೆ ಕತ್ತಿನ ಪಟ್ಟಿ ಮಾತ್ರ ಕತ್ತಿಗೆ ಹತ್ತಿಯೇ ಕೂರುತ್ತದೆ, ಉದ್ದವೂ ಹೆಚ್ಚಿರುವುದಿಲ್ಲ. ನಿಮ್ಮ ಡಬಲ್ ಎಕ್ಸ್‌ಎಲ್‌ನಲ್ಲಿ ಇವೆಲ್ಲ ಒಟ್ಟಿಗೇ ದೊಡ್ಡವು. ಕತ್ತು ಜಾರಿ ಒಳಗಿನ ಬನಿಯನ್ ಇಣುಕುತ್ತದೆ, ಅಂಚು ತೊಡೆಗೆ ಬರುತ್ತದೆ, ಕಾಲು ಗಿಡ್ಡವಾಗಿ ಕಾಣುತ್ತದೆ. ಒಂಬತ್ತು ಕೆ.ಜಿ. ಇಳಿಸಿದ ಶ್ರಮ ಯಾರ ಕಣ್ಣಿಗೂ ಬೀಳದೆ ಹೋಗುವುದು ಹೀಗೆ.

ನಿಮ್ಮದೇ ಲೆಕ್ಕ ಹಿಡಿದರೆ ತಿಂಗಳಿಗೆ ಎರಡು ಕೆ.ಜಿ.ಗೆ ಸ್ವಲ್ಪ ಕಡಿಮೆ. ಉಳಿದ 11 ಕೆ.ಜಿ.ಗೆ ಇನ್ನೂ ಆರು ತಿಂಗಳು ಬೇಕು. ಅರ್ಧ ವರ್ಷ ಜಾರುವ ಪ್ಯಾಂಟು ಹಿಡಿದುಕೊಂಡು ಓಡಾಡುವುದು ಬೇಡ. ಈ ಅವಧಿಗೆಂದೇ ಒಂದು ಸಣ್ಣ ಸೆಟ್ ಮಾಡಿಕೊಳ್ಳಿ: ಎರಡು ಪ್ಯಾಂಟು, ನಾಲ್ಕು ಟೀ, ಮೇಲೆ ಹಾಕುವ ಒಂದು ಓವರ್‌ಶರ್ಟ್. ಇದಕ್ಕಿಂತ ಹೆಚ್ಚು ಬೇಡ.

ಮೊದಲು ಟೇಪು ತನ್ನಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮುಂಚೆ ಮೂರು ಕಡೆ ಅಳೆಯಿರಿ: ಹೊಕ್ಕುಳಿನ ಮಟ್ಟ, ಪ್ಯಾಂಟಿನ ಪಟ್ಟಿ ಕೂರುವ ಜಾಗ, ಕಂಕುಳಿನ ಕೆಳಗೆ ಎದೆಯ ಸುತ್ತ. ಹೊಟ್ಟೆ ಎಳೆದುಕೊಳ್ಳಬೇಡಿ, ಉಸಿರು ಬಿಟ್ಟ ಮೇಲೆ ಓದಿ. ತಕ್ಕಡಿ ಎರಡು ವಾರ ಅಲುಗದಿದ್ದರೂ ಟೇಪಿನಲ್ಲಿ ಅರ್ಧ ಇಂಚು ಇಳಿದಿರುವುದುಂಟು. ಬಟ್ಟೆಗೆ ಬೇಕಾದದ್ದು ಟೇಪಿನ ಲೆಕ್ಕ. ಒಂದು ಇಂಚು ಸಡಿಲವಾದರೆ ಬೆಲ್ಟು ಸಾಕು. ಎರಡು ಇಂಚಾದರೆ ಟೈಲರ್ ಹತ್ತಿರ ಹೋಗಿ. ಮೂರು ದಾಟಿದ ಪ್ಯಾಂಟನ್ನು ಬಿಟ್ಟುಬಿಡಿ.

ಯಾಕೆ ಎನ್ನುವುದನ್ನು ಜೀನ್ಸಿನ ಹಿಂಭಾಗ ನೋಡಿ ತಿಳಿಯಬಹುದು. ಸೊಂಟ ಇಳಿಸುವುದು ಹಿಂದಿನ ನಡುಹೊಲಿಗೆಯಲ್ಲಿ. ಟೈಲರ್ ಮಧ್ಯದ ಬೆಲ್ಟ್ ಲೂಪ್ ಬಿಚ್ಚಿ, ಸೊಂಟದ ಪಟ್ಟಿ ಕತ್ತರಿಸಿ, ಸೀಟಿನವರೆಗೆ ಜೋಡಿಹೊಲಿಗೆ ಬಿಚ್ಚಿ, ಒಳಗೆ ಹಿಡಿದು ಮತ್ತೆ ಹೊಲಿಯಬೇಕು. ಒಂದೂವರೆ ಇಂಚಿನವರೆಗೆ ಗೊತ್ತೇ ಆಗುವುದಿಲ್ಲ. ಎರಡು ದಾಟಿದರೆ ಹಿಂದಿನ ಜೇಬುಗಳು ಒಂದರ ಪಕ್ಕ ಒಂದು ಅಂಟಿಕೊಂಡ ಹಾಗೆ ಕಾಣುತ್ತವೆ, ಸೀಟು ಎಳೆಯುತ್ತದೆ, ತೊಡೆ ಮಾತ್ರ ಹಾಗೇ ದೊಗಲೆಯಾಗಿ ಉಳಿಯುತ್ತದೆ. ಕೆಲವರು ಪಟ್ಟಿ ಬಿಚ್ಚುವ ಶ್ರಮ ಬೇಡವೆಂದು ಎಡಬಲ ಎರಡು ಕಡೆ ಮಡಿಚಿ ಹೊಲಿದು ಕೊಡುತ್ತಾರೆ. ಅಲ್ಲಿ ಬಟ್ಟೆ ನಾಲ್ಕೈದು ಪದರ ದಪ್ಪವಾಗಿ, ಬೆಲ್ಟು ಬಿಗಿದಾಗ ಸೊಂಟಕ್ಕೆ ಒತ್ತುತ್ತದೆ. ಆದ್ದರಿಂದ ‘ಹಿಂದಿನ ಹೊಲಿಗೆಯಿಂದಲೇ ಹಿಡಿಯಿರಿ, ಲೂಪ್ ಮಧ್ಯಕ್ಕೇ ಬರಲಿ, ನೂಲಿನ ಬಣ್ಣ ಹಳೆಯದಕ್ಕೆ ಹೊಂದಲಿ’ ಎಂದು ಮೊದಲೇ ಹೇಳಿ. ಜೀನ್ಸಿಗೆ 16 ಅಥವಾ 18ನೇ ನಂಬರಿನ ಸೂಜಿ, ದಪ್ಪ ನೂಲು ಬೇಕು. ಷರಟಿನ ನೂಲಿನಲ್ಲಿ ಹೊಲಿದರೆ ಗಾಡಿ ಹತ್ತುವಾಗಲೇ ಸೀಟು ಬಿಟ್ಟುಕೊಳ್ಳುತ್ತದೆ.

ಕಾರ್ಗೋ ಕಾಲನ್ನು ಕಿರಿದು ಮಾಡಿಸುವುದಾದರೆ ಒಳಗಾಲಿನ ಹೊಲಿಗೆಯಿಂದ ಮಾತ್ರ ಹಿಡಿಸಿ. ದೊಡ್ಡ ಜೇಬು ಹೊರಗಾಲಿನ ಹೊಲಿಗೆಯ ಮೇಲೆಯೇ ಕೂತಿರುವುದರಿಂದ, ಅಲ್ಲಿ ಕೈ ಹಾಕಿದರೆ ಜೇಬು ತಿರುಚುತ್ತದೆ.

ಟೀ ಶರ್ಟಿನಲ್ಲಿ ಕತ್ತಿನ ಪಟ್ಟಿ ಇನ್ನೂ ಬಿಗಿಯಾಗಿರುವುದನ್ನು ಮಾತ್ರ ಆಲ್ಟರೇಷನ್‌ಗೆ ಕೊಡಿ. ಅಲೆಅಲೆಯಾಗಿ ಸಡಿಲಗೊಂಡ ಕತ್ತಿಗೆ ಖರ್ಚು ಮಾಡಬೇಡಿ, ಅದು ಮನೆಯಲ್ಲಿ ಹಾಕಲು ಇರಲಿ. ಉಳಿದವುಗಳ ಉದ್ದ 31 ಇಂಚು ಇದ್ದರೆ 28ಕ್ಕೆ ಇಳಿಸಿ. ನಿಮ್ಮ ಎತ್ತರಕ್ಕೆ ಅಂಚು ಜಿಪ್ಪಿನ ಅರ್ಧಕ್ಕೆ ಬಂದರೆ ಚೆಂದ. 27 ಮಾಡಿಸಿದರೆ ಬೈಕಿನಲ್ಲಿ ಬಗ್ಗಿ ಕೂತಾಗ ಹಿಂದೆ ಬೆನ್ನು ಕಾಣುತ್ತದೆ. ಇಲ್ಲಿ ಒಂದು ಮುಖ್ಯ ವಿಷಯ: ಮೂಲೆಯಂಗಡಿಯ ಸಾದಾ ಮಷಿನ್ನಿನ ಹೊಲಿಗೆ ಹಿಗ್ಗುವುದಿಲ್ಲ. ಟೀ ಹಿಗ್ಗುತ್ತದೆ, ಹೊಲಿಗೆ ಹಿಗ್ಗದೆ ಪಟ್ಟೆಂದು ಕಿತ್ತುಕೊಳ್ಳುತ್ತದೆ. ಇಲ್ಲವೇ ಅಂಚು ಹಪ್ಪಳದಂತೆ ಅಲೆಯೇಳುತ್ತದೆ. ಬಟ್ಟೆಯ ಜೊತೆ ಹಿಗ್ಗುವ ಹೊಲಿಗೆ ಹಾಕುವ ಮಷಿನ್ ಬೇಕು: ಪಕ್ಕದ ಹೊಲಿಗೆಗೆ ಓವರ್‌ಲಾಕ್, ಕೆಳಗಿನ ಅಂಚಿಗೆ ಫ್ಲಾಟ್‌ಲಾಕ್. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಗಾರ್ಮೆಂಟ್ಸ್‌ನಲ್ಲಿ ಪಳಗಿದ ಕೈಗಳು ಬಹಳ. ಅಂಥವರು ನಡೆಸುವ ಅಂಗಡಿಯಲ್ಲಿ ‘ಫ್ಲಾಟ್‌ಲಾಕ್ ಇದೆಯಾ?’ ಎಂದು ಕೇಳಿ, ಮೊದಲು ಒಂದೇ ಟೀ ಕೊಟ್ಟು ನೋಡಿ. ಹೆಗಲನ್ನು ಮಾತ್ರ ಮುಟ್ಟಿಸಬೇಡಿ. ತೋಳು ಪೂರ್ತಿ ಬಿಚ್ಚಿ ಮತ್ತೆ ಕೂರಿಸುವ ಕೆಲಸ ಅದು, ಹಳೆಯ ಟೀಗೆ ಅಷ್ಟು ಯೋಗ್ಯತೆ ಇರುವುದಿಲ್ಲ.

ಈಗ ಹೊಸದು. ತೂಕ ಇಳಿಯುವಾಗ ಹೊಟ್ಟೆ ಇಳಿಯುತ್ತದೆ, ಎದೆ ಇಳಿಯುತ್ತದೆ. ಹೆಗಲಿನ ಮೂಳೆ ಇಳಿಯುವುದಿಲ್ಲ, ಕಾಲಿನ ಉದ್ದ ಬದಲಾಗುವುದಿಲ್ಲ. ಆದ್ದರಿಂದ ಹೆಗಲು ಮತ್ತು ಉದ್ದಕ್ಕೆ ಸರಿಯಾಗಿ ಕೊಳ್ಳಿ, ನಡುವಿನ ಸುತ್ತಳತೆಗೆ ಮಾತ್ರ ಅವಕಾಶ ಬಿಡಿ. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಬಾಳಿಕೆ ಬರುವುದು ಓವರ್‌ಶರ್ಟ್. ಗುಂಡಿ ಹಾಕದೆ ತೆರೆದು ತೊಡುವ ಬಟ್ಟೆಗೆ ಎದೆ ಹೊಟ್ಟೆಯ ಅಳತೆ ಲೆಕ್ಕಕ್ಕೇ ಬರುವುದಿಲ್ಲ, ಹೆಗಲು ಸರಿಯಿದ್ದರೆ ಇಂದಿಗೂ ಸರಿ, 78 ಕೆ.ಜಿ.ಗೂ ಸರಿ. ಕಾಟನ್ ಟ್ವಿಲ್‌ನದು (ಓರೆಗೆರೆ ಕಾಣುವ ನೇಯ್ಗೆಯ ಬಟ್ಟೆ), ಆಲಿವ್ ಅಥವಾ ಕಡುನೀಲಿ ತೆಗೆದುಕೊಳ್ಳಿ. ನಮ್ಮ ಊರಿನ ಸಂಜೆಗಾಳಿಗೆ ಅದೇ ಸಾಕು. ಟೋಪಿ ಸೇರಿಸಿ ಹೊಲಿದ ದಪ್ಪ ಹೂಡಿ ಬೇಕೆನಿಸಿದರೆ ಡಿಸೆಂಬರಿಗೆ ಕಾಯಿರಿ. ಜುಲೈ ಆಗಸ್ಟಿನ ಮೋಡದಲ್ಲಿ ಅದು ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಪ್ಯಾಂಟಿಗೆ ಎಲಾಸ್ಟಿಕ್ ಮತ್ತು ದಾರ ಎರಡೂ ಇರುವ ಸೊಂಟದ ಟ್ವಿಲ್ ಪ್ಯಾಂಟು ಅಥವಾ ಕಾರ್ಗೋ. ನಿಮ್ಮ ಸೊಂಟ ಈಗ 36–37 ಇರಬಹುದು, 33ಕ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಪಟ್ಟಿಯನ್ನು ಚಪ್ಪಟೆಯಾಗಿ ಹಿಡಿದು ಅಳೆಯಿರಿ: ಎಳೆಯದೆ 16.5 ಇಂಚು, ಪೂರ್ತಿ ಎಳೆದಾಗ 20 ಇಂಚು ಬರಬೇಕು. ಇವನ್ನು ಇಮ್ಮಡಿ ಮಾಡಿದರೆ 33ರಿಂದ 40. ಅದು ನಿಮ್ಮ ಆರು ತಿಂಗಳ ದಾರಿ ಪೂರ್ತಿ. ದಾರ ಹಿಂದೆ ಮಧ್ಯದಲ್ಲಿ ಒಂದು ಹೊಲಿಗೆಯಿಂದ ಹಿಡಿದಿದೆಯೇ ನೋಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗೆ ಸೇರಿಕೊಳ್ಳುತ್ತದೆ. ಜಿಪ್ಪಿನ ಕೆಳಗೆ ನಾಲ್ಕು ಹೊಲಿಗೆ ಕೂಡುವ ಜಾಗದಿಂದ ಪಟ್ಟಿಯ ಮೇಲಂಚಿಗೆ 11ರಿಂದ 12 ಇಂಚು ಇರಲಿ. ಅದಕ್ಕಿಂತ ತಗ್ಗಿದ್ದರೆ ಪಟ್ಟಿ ಹೊಟ್ಟೆಯ ಕೆಳಗೆ ಜಾರಿ ಹೊಟ್ಟೆಯೇ ಮುಂದೆ ಕಾಣುತ್ತದೆ. ಕಾಲು ನೇರವಾಗಿರಲಿ, ಬಾಟಮ್, ಅಂದರೆ ಕಾಲಿನ ಕೆಳತುದಿ, ಚಪ್ಪಟೆಯಾಗಿ ಅಳೆದರೆ 7.5ರಿಂದ 8 ಇಂಚು. ಮೀನಖಂಡಕ್ಕೆ ಕಚ್ಚಿಕೊಳ್ಳುವ ಜಾಗರ್ಸ್ ಬೇಡವೇ ಬೇಡ. ಮೇಲೆ ಅಗಲ ಕೆಳಗೆ ಚೂಪಾಗಿ, ಇಡೀ ಮೈ ಬುಗುರಿಯಂತೆ ಕಾಣುತ್ತದೆ.

ಒಳ್ಳೆಯ ಜೀನ್ಸನ್ನು ಈಗ ಕೊಳ್ಳಬೇಡಿ. ಗುರಿಯ ತೂಕಕ್ಕೆ ಬಂದು ಎರಡು ತಿಂಗಳು ಅಲ್ಲೇ ನಿಂತ ಮೇಲೆ ಕೊಳ್ಳಿ. ‘ಸೇರಿದಾಗ ಹಾಕುತ್ತೇನೆ’ ಎಂದು 33ರ ಜೀನ್ಸ್ ತಂದು ಬೀರುವಿನಲ್ಲಿ ನೇತುಹಾಕುವುದೂ ಬೇಡ. ಯಾರ ತೊಡೆ ಎಷ್ಟು ಇಳಿಯುತ್ತದೆ, ಯಾರ ಹೊಟ್ಟೆ ಎಷ್ಟು ಇಳಿಯುತ್ತದೆ ಎಂದು ಮೊದಲೇ ಹೇಳಲಾಗದು. ಸೊಂಟ ಸರಿಹೋಗಿ ತೊಡೆ ಬಿಗಿಯಾದ ಜೀನ್ಸಿಗೆ ಮದ್ದಿಲ್ಲ.

ಪ್ರಶ್ನೆ: ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಯಲ್ಲಿ ಎರಡು ಟೀ ತಂದೆ. ಎಲ್ ಎಂದು ಲೇಬಲ್ ಇದ್ದರೂ ಒಂದು ಬಿಗಿ, ಒಂದು ದೊಗಲೆ. ಒಗೆದ ಮೇಲೆ ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬಂದಿದೆ. ಯಾಕೆ?
— ಯಲಹಂಕದ ಓದುಗರು

ಉತ್ತರ: ಬೇರೆ ಬೇರೆ ದೇಶಕ್ಕೆ ಹೊಲಿದ ಮಾಲು ಅಲ್ಲಿ ಒಂದೇ ರಾಶಿಯಲ್ಲಿ ಬಿದ್ದಿರುತ್ತದೆ, ಒಂದು ದೇಶದ ಎಲ್ ಇನ್ನೊಂದರ ಎಂ. ಲೇಬಲ್ ನೋಡಬೇಡಿ, ಟೇಪು ಇಟ್ಟುಕೊಂಡು ಹೋಗಿ. ನಿಮಗೆ ಒಪ್ಪುವ ಒಂದು ಟೀಯನ್ನು ಮನೆಯಲ್ಲಿ ಮಂಚದ ಮೇಲೆ ಹಾಸಿ ಕಂಕುಳಿನಿಂದ ಕಂಕುಳಿಗೆ, ಹೆಗಲಿನಿಂದ ಹೆಗಲಿಗೆ, ಕತ್ತಿನ ಬುಡದಿಂದ ಅಂಚಿಗೆ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಎದೆ 40 ಇರುವವರಿಗೆ ಸಾಮಾನ್ಯ ಫಿಟ್ ಆದರೆ ಕಂಕುಳಿನಿಂದ ಕಂಕುಳಿಗೆ 21 ಇಂಚು, ಓವರ್‌ಸೈಜ್ ಆದರೆ 23.

ಹೊಲಿಗೆ ತಿರುಗುವುದು ಹೆಣಿಗೆಯ ದೋಷ. ಬಟ್ಟೆ ಓರೆಯಾಗಿದ್ದದ್ದನ್ನು ಇಸ್ತ್ರಿ ಮಾಡಿ ನೇರ ತೋರಿಸಿರುತ್ತಾರೆ, ನೀರು ಬಿದ್ದ ಕೂಡಲೇ ತನ್ನ ಓರೆಗೆ ಮರಳುತ್ತದೆ. ಇದನ್ನು ಯಾವ ಟೈಲರೂ ಸರಿಮಾಡಲಾರ. ಕೊಳ್ಳುವಾಗಲೇ ಎರಡು ಹೆಗಲು ಹಿಡಿದು ಟೀಯನ್ನು ತೂಗುಬಿಡಿ. ಪಕ್ಕದ ಹೊಲಿಗೆ ಕೆಳಗೆ ಮುಂದಕ್ಕೋ ಹಿಂದಕ್ಕೋ ಓಡಿದ್ದರೆ ವಾಪಸ್ ಇಡಿ. ಜಯನಗರ 4ನೇ ಬ್ಲಾಕ್, ಕಮರ್ಷಿಯಲ್ ಸ್ಟ್ರೀಟ್, ಮಲ್ಲೇಶ್ವರ 8ನೇ ಕ್ರಾಸ್ ಕಡೆ ಫುಟ್‌ಪಾತಿನಲ್ಲಿ ಕೊಂಡರೆ ಬದಲಾಯಿಸಿ ಕೊಡುವ ಭರವಸೆ ಇರುವುದಿಲ್ಲ, ಹಗಲು ಬೆಳಕಿನಲ್ಲಿ ನೋಡಿಯೇ ಕೊಳ್ಳಿ. ಕಾಟನ್ ಟೀ ಮೊದಲ ಒಗೆತಕ್ಕೆ ಉದ್ದದಲ್ಲಿ ಒಂದು ಇಂಚು ಕುಗ್ಗುವುದುಂಟು, ಅಷ್ಟು ಹೆಚ್ಚಿಗೆ ಇರಲಿ.

ಪ್ರಶ್ನೆ: ನಮ್ಮ ಯಜಮಾನರು 14 ಕೆ.ಜಿ. ಇಳಿದಿದ್ದಾರೆ. ಆರೋಗ್ಯ ಸುಧಾರಿಸಿದೆ. ಆದರೆ ಎದೆ, ಹೊಟ್ಟೆಯ ಚರ್ಮ ಸಡಿಲವಾಗಿ ಟೀ ಶರ್ಟಿನಲ್ಲಿ ಎದ್ದು ಕಾಣುತ್ತದೆಂದು ಸಂಕೋಚ ಪಡುತ್ತಾರೆ. ಈಗಲೂ ಹಳೆಯ ದೊಗಲೆ ಷರಟೇ ಹಾಕುತ್ತಾರೆ. ಏನು ಕೊಡಿಸಲಿ?
— ಬಸವೇಶ್ವರನಗರದ ಓದುಗರು

ಉತ್ತರ: ಅಮ್ಮಾ, ಅವರ ಸಂಕೋಚ ಸಹಜ. ಇದಕ್ಕೆ ಬಟ್ಟೆಯ ತೂಕದಲ್ಲಿ ಉತ್ತರವಿದೆ. ಟೀ ಬಟ್ಟೆಯನ್ನು ಜಿಎಸ್‌ಎಂ ಲೆಕ್ಕದಲ್ಲಿ ಮಾರುತ್ತಾರೆ, ಅಂದರೆ ಒಂದು ಚದರ ಮೀಟರು ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂದು. 160–180ರದ್ದು ಮೈಗೆ ಅಂಟಿ ಒಳಗಿನ ಪ್ರತಿ ಮಡಿಕೆಯನ್ನೂ ತೋರಿಸುತ್ತದೆ. 220ರಿಂದ 240ರ ಕಾಟನ್ ತನ್ನ ಆಕಾರದಲ್ಲಿ ತಾನೇ ನಿಲ್ಲುತ್ತದೆ, ಎದೆಯಿಂದ ನೇರ ಕೆಳಗೆ ಇಳಿಯುತ್ತದೆ. ಮಾರ್ಚ್ ಏಪ್ರಿಲ್ ಸೆಕೆಗೆ 200 ಸಾಕು. ರೇಯಾನ್, ಲೈಕ್ರಾ ಬೆರೆತದ್ದು, ಆಟದ ಪಾಲಿಯೆಸ್ಟರ್ ಟೀ ಕೊಡಿಸಬೇಡಿ, ಬೆವರಿಗೆ ಮೈಗಂಟುತ್ತವೆ. ಎದೆಯ ಮೇಲೆ ದೊಡ್ಡ ರಬ್ಬರ್ ಪ್ರಿಂಟ್ ಇರುವುದೂ ಬೇಡ, ಪ್ರಿಂಟು ಸೊಟ್ಟಗೆ ಮಡಿಚಿ ಅಲ್ಲೇ ಕಣ್ಣು ನಿಲ್ಲುತ್ತದೆ. ಕನ್ನಡ ಅಕ್ಷರದ ಟೀ ಅವರಿಗೆ ಇಷ್ಟವಿದ್ದರೆ ಎಡ ಎದೆಯ ಮೇಲೆ ಸಣ್ಣದಾಗಿ ಕಸೂತಿ ಮಾಡಿದ್ದನ್ನೋ, ಬೆನ್ನ ಮೇಲೆ ಮುದ್ರಿಸಿದ್ದನ್ನೋ ಆರಿಸಿ. ಒಳಗೆ ಸರಿಯಾದ ಸೈಜಿನ, ಮೈಗೆ ಹಿತವಾಗಿ ಹಿಡಿಯುವ ರಿಬ್ ಬನಿಯನ್ ಹಾಕಲಿ. ಹಳೆಯ ಸೈಜಿನ ಬನಿಯನ್ ಒಳಗೇ ಮುದ್ದೆಯಾಗುತ್ತದೆ. ತೂಕ ಇಳಿದವರು ಬದಲಾಯಿಸಲು ಮರೆಯುವುದು ಇದನ್ನೇ.

ಪ್ರಶ್ನೆ: ಬೆಲ್ಟಿಗೆ ಮೂರು ತೂತು ಹೆಚ್ಚಿಗೆ ಹೊಡೆಸಿದೆ. ಈಗ ತುದಿ ಹಿಂದಿನವರೆಗೂ ಹೋಗುತ್ತದೆ.
— ಕೆಂಗೇರಿಯ ಓದುಗರು

ಉತ್ತರ: ಬಕಲ್ ಕಡೆಯಿಂದ ಕತ್ತರಿಸಿ. ಬಕಲ್ ಸ್ಕ್ರೂ ಅಥವಾ ಕ್ಲಿಪ್ಪಿನದಾದರೆ ನೀವೇ ಬಿಚ್ಚಿ, ಎಷ್ಟು ಇಂಚು ಹೆಚ್ಚಿದೆಯೋ ಅಷ್ಟು ತೆಗೆದು ಮತ್ತೆ ಕೂರಿಸಬಹುದು. ಹೊಲಿದ ಬಕಲ್ ಆದರೆ ಚಮ್ಮಾರರಲ್ಲಿ ಕೊಡಿ. ಐದು ತೂತಿನ ಬೆಲ್ಟಿನಲ್ಲಿ ತೂತುಗಳ ನಡುವೆ ಒಂದು ಇಂಚು ಇರುತ್ತದೆ. ಕತ್ತರಿಸಿದ ಮೇಲೆ ಇವತ್ತಿನ ಸೊಂಟಕ್ಕೆ ಹೊರತುದಿಯ ಕಡೆಯಿಂದ ಎರಡನೆಯ ತೂತು ಬರುವಂತೆ ನೋಡಿಕೊಳ್ಳಿ, ಇನ್ನು ಮೂರು ಇಂಚು ಇಳಿಯಲು ಜಾಗ ಉಳಿಯುತ್ತದೆ. ಹೊಸದೇ ಆದರೆ ತೂತಿಲ್ಲದ ನೇಯ್ಗೆಯ ಕ್ಯಾನ್ವಾಸ್ ಬೆಲ್ಟ್ ಒಳ್ಳೆಯದು, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಪಾದವೂ ಸ್ವಲ್ಪ ತೆಳುವಾಗಿ ಸ್ನೀಕರ್ ಸಡಿಲವೆನಿಸಿದರೆ 3 ಮಿಲಿಮೀಟರಿನ ಒಳಅಟ್ಟೆ ಹಾಕಿ ನೋಡಿ, ಆಮೇಲೆ ಹೊಸದರ ಮಾತು.

ಪ್ರಶ್ನೆ: ಹಳೆಯ ದೊಡ್ಡ ಬಟ್ಟೆಗಳನ್ನು ಇಟ್ಟುಕೊಳ್ಳಲೇ, ಕೊಟ್ಟುಬಿಡಲೇ?
— ರಾಜರಾಜೇಶ್ವರಿನಗರದ ಓದುಗರು

ಉತ್ತರ: ಹೊಸ ತೂಕ ಆರು ತಿಂಗಳು ನಿಲ್ಲುವವರೆಗೆ ಎರಡು ಪ್ಯಾಂಟು, ಮೂರು ಟೀ ಇಟ್ಟುಕೊಳ್ಳಿ. ಉಳಿದದ್ದನ್ನು ಒಗೆದು, ಗುಂಡಿ ಜಿಪ್ ಸರಿಯಿರುವುದನ್ನು ಈಗಲೇ ಕೊಟ್ಟುಬಿಡಿ. ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಎಲಾಸ್ಟಿಕ್ ಸತ್ತು, ಮಡಿಕೆಯಲ್ಲಿ ಹಳದಿ ಗೆರೆ ಬಿದ್ದು ಪಡೆದವರಿಗೂ ಉಪಯೋಗವಿಲ್ಲ. ಎರಡು ತೊಡೆ ಸೇರುವ ಕಡೆ ಸವೆದ ಜೀನ್ಸನ್ನು ಕೊಡಬೇಡಿ. ಬೆಳಕಿಗೆ ಹಿಡಿದರೆ ಅಲ್ಲಿ ಬಿಳಿ ನೂಲಷ್ಟೇ ಉಳಿದಿರುವುದು ಕಾಣುತ್ತದೆ. ಅದರ ಕಾಲುಗಳನ್ನು ಕತ್ತರಿಸಿ ಟೈಲರಿಗೆ ಕೊಟ್ಟರೆ ಇನ್ನೊಂದು ಜೀನ್ಸಿನ ಒಳತೇಪೆಗೆ ಅದೇ ಬಣ್ಣದ ಬಟ್ಟೆ ಸಿಕ್ಕಂತಾಯಿತು.