ಕುರ್ಚಿ ಎಳೆಯುವುದು, ಪೆನ್ಸಿಲ್ ಕುಟ್ಟುವುದು ಕೂಡ ಸಂಗೀತವಾ?

ಕುರ್ಚಿ ಎಳೆದು ಸದ್ದು ಮಾಡಿದರೆ ಅದೂ ಸಂಗೀತವಾ, ಅದರಲ್ಲಿ ಕೇಳುವಂಥದ್ದು ಏನಿದೆ ಅಂತ ಕೇಳಿದ್ದೀರಿ. ಇಂಥದ್ದನ್ನು ಇಷ್ಟಪಟ್ಟು ಕೇಳುವವನು ನಾನು. ಆದರೂ ನಿಮ್ಮ ಅನುಮಾನದಲ್ಲಿ ತಪ್ಪೇನಿಲ್ಲ. ಸುಮ್ನೆ ತಮಾಷೆಗೆ ಮಾಡಿದ್ದೂ ಇಲ್ಲಿ ಬೇಕಾದಷ್ಟಿದೆ.

ಕುರ್ಚಿ ಎಳೆಯುವ ಕೃತಿ ನಿಜಕ್ಕೂ ಇದೆ. ಲಾ ಮಾಂಟೆ ಯಂಗ್ ಎಂಬ ಅಮೆರಿಕದ ಸಂಗೀತ ರಚನೆಕಾರರು 1960ರಲ್ಲಿ ಬರೆದದ್ದು. ಅದಕ್ಕೂ ಮುಂಚೆ, 1940ರಲ್ಲೇ, ಜಾನ್ ಕೇಜ್ ಎಂಬ ಇನ್ನೊಬ್ಬ ರಚನೆಕಾರರು ಪುಸ್ತಕ, ಪತ್ರಿಕೆ, ಮೇಜುಗಳನ್ನು ವಾದ್ಯ ಮಾಡಿಕೊಂಡಿದ್ದರು. ಅದರಲ್ಲಿ ಲಯ ಇದೆ, ಹಾಗಾಗಿ ಕೇಳುವುದು ಸುಲಭ.

ನನ್ನನ್ನು ಕೇಳಿದರೆ ರಚನೆಕಾರ ಆಲ್ವಿನ್ ಲೂಸಿಯರ್ ಅವರಿಂದ ಶುರು ಮಾಡಿ. ಅವರ 'ಆಪೆರಾ ವಿತ್ ಆಬ್ಜೆಕ್ಟ್ಸ್'ಗೆ ಬೇಕಾಗುವುದು ಎರಡು ಪೆನ್ಸಿಲ್, ಒಂದಷ್ಟು ಸಾಮಾನು. ನೀವೇ ಮಾಡಿ ನೋಡಬಹುದು. ಮೊದಲು ಪೆನ್ಸಿಲ್‌ಗಳನ್ನು ಒಂದಕ್ಕೊಂದು ಕುಟ್ಟಿ. ಸಣ್ಣ, ಒಣ ಸದ್ದು, ಅಷ್ಟೇ. ಕುಟ್ಟುತ್ತಲೇ ಒಂದರ ತುದಿಯನ್ನು ಖಾಲಿ ಡಬ್ಬಿಗೆ ತಾಗಿಸಿ. ಸದ್ದು ತಟ್ಟನೆ ದೊಡ್ಡದಾಗುತ್ತದೆ. ಪೆನ್ಸಿಲ್ ತೆಳ್ಳಗಿರುತ್ತದೆ, ಅದು ಅಲುಗಿಸುವ ಗಾಳಿ ಕಡಿಮೆ. ಡಬ್ಬಿಯ ಅಗಲವಾದ ಮೈ ಕಂಪಿಸಿದಾಗ ಜಾಸ್ತಿ ಗಾಳಿ ಅಲುಗುತ್ತದೆ. ಡಬ್ಬಿ ಬದಲು ಲೋಟ, ಮರದ ಪೆಟ್ಟಿಗೆ, ಕಿಟಕಿ ಗಾಜು ಇಟ್ಟರೆ ಒಂದೊಂದೂ ಬೇರೆ ದನಿ ಕೊಡುತ್ತದೆ. ನಿಮ್ಮ ಕೈ ಮಾಡುತ್ತಿರುವುದು ಒಂದೇ ಕೆಲಸ. ಬದಲಾಗುವುದೆಲ್ಲ ವಸ್ತುವಿನ ಗುಣದಿಂದ. ಈ ಸಂಗೀತದಲ್ಲಿ ನನಗೆ ಹಿಡಿಸಿದ್ದು ಅದೇ.

ಅವರದೇ 1969ರ 'ಐ ಆ್ಯಮ್ ಸಿಟ್ಟಿಂಗ್ ಇನ್ ಎ ರೂಮ್'ನಲ್ಲಿ ಡಬ್ಬಿಯ ಕೆಲಸವನ್ನು ಕೋಣೆ ಮಾಡುತ್ತದೆ. ನಾಲ್ಕಾರು ವಾಕ್ಯ ಮಾತಾಡಿ ರೆಕಾರ್ಡ್ ಮಾಡುತ್ತಾರೆ. ಅದನ್ನು ಕೋಣೆಯಲ್ಲಿ ಹಾಕಿ, ಮತ್ತೆ ರೆಕಾರ್ಡ್ ಮಾಡುತ್ತಾರೆ. ಹೀಗೇ ಮೇಲಿಂದ ಮೇಲೆ. ಕೋಣೆಗೆ ಒಗ್ಗುವ ಸ್ವರಗಳು ಪ್ರತಿ ಸಲವೂ ಬಲಿಯುತ್ತವೆ, ಉಳಿದವು ಸವೆಯುತ್ತವೆ. ಕೊನೆಗೆ ಮಾತು ತಿಳಿಯುವುದೇ ಇಲ್ಲ, ಗುಂಯ್‌ಗುಡುವ ಸ್ವರಗಳಷ್ಟೇ ಕೇಳಿಸುತ್ತವೆ.

ರಚನೆಕಾರ ಲಿಗೆಟಿ 1962ರಲ್ಲಿ 100 ಮೆಟ್ರೊನೋಮ್‌ಗಳಿಗೆ, ಅಂದರೆ ಟಿಕ್ ಟಿಕ್ ಅಂತ ಲಯ ತೋರಿಸುವ ಕೀಲಿ ಯಂತ್ರಗಳಿಗೆ, ಬರೆದದ್ದನ್ನೂ ಕೇಳಿ. ಮೊದಲು ಬರೀ ಗದ್ದಲ. ಕೀಲಿ ಮುಗಿದು ಒಂದೊಂದೇ ನಿಂತಂತೆ ಲಯಗಳು ಬಿಡಿಬಿಡಿಯಾಗಿ ಕಾಣಿಸಿಕೊಳ್ಳುತ್ತವೆ.

ಯಾವುದು ತಮಾಷೆ, ಯಾವುದು ಅಲ್ಲ ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ವಿವರಣೆ ಓದಿದರೇ ಸಾಕು ಅನ್ನಿಸಿದರೆ ಅದು ಬರೀ ಐಡಿಯಾ, ಬಿಟ್ಟುಬಿಡಿ. ಲೂಸಿಯರ್ ಕೃತಿಯ ಬಗ್ಗೆ ನಾನು ಇಷ್ಟೆಲ್ಲ ಹೇಳಿದ ಮೇಲೂ ಕೇಳಿದಾಗ ಆಗುವ ಅನುಭವ ಬೇರೆಯೇ ಅಲ್ವಾ? ಬೋರಾಯ್ತು ಅಂತ ಮಧ್ಯದಲ್ಲಿ ಮುಂದಕ್ಕೆ ಮಾತ್ರ ಓಡಿಸಬೇಡಿ. ಬದಲಾವಣೆ ನಿಧಾನ, ಹಾರಿಸಿದರೆ ಅದು ಕೈಗೆ ಸಿಗುವುದಿಲ್ಲ.