ಒಬ್ಬರು "ಬಿಗುಮಾನದ ಮನೆಯವರು" ಅಂತಾರೆ, ಇನ್ನೊಬ್ಬರು "ಒಂಟಿಯಾಗಿ ಬಿಡಲ್ಲ" ಅಂತಾರೆ: ಹೋಂಸ್ಟೇ ರಿವ್ಯೂ ಬಗ್ಗೆ ಉತ್ತರ

ಕೊಡಗಿನ ನಾಪೋಕ್ಲು ಕಡೆ ಹೋಂಸ್ಟೇ ನಡೆಸುವ ಅಕ್ಕ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಗುಂಪಿನ ಉಳಿದವರಿಗೂ ಬೇಕಾಗಬಹುದು. ಡಿಸೆಂಬರ್ ಕೊನೆಯಲ್ಲಿ ಬಂದ ಬೆಂಗಳೂರಿನ ಕುಟುಂಬ "ಮನೆಯವರು ಮುಖ ಕೊಟ್ಟು ಮಾತಾಡಲಿಲ್ಲ, ಬಿಗುಮಾನ" ಎಂದು ಬರೆದಿದೆ. ಅದೇ ವಾರ ಇದ್ದ ಜರ್ಮನಿಯ ದಂಪತಿ "ಒಳ್ಳೆಯ ಜನ, ಆದರೆ ನಮ್ಮ ಪಾಡಿಗೆ ಇರಲು ಬಿಡಲಿಲ್ಲ" ಎಂದಿದ್ದಾರೆ. ಇಬ್ಬರನ್ನೂ ಒಂದೇ ಥರ ನೋಡಿಕೊಂಡೆವು, ಎಲ್ಲಿ ತಪ್ಪಿತು ಅನ್ನೋದು ಅಕ್ಕನ ಪ್ರಶ್ನೆ.

ಉಪಚಾರದಲ್ಲಿ ತಪ್ಪಿಲ್ಲ. ಯಾವುದು ಯಾಕೆ ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ, ಹಾಗಾಗಿ ಅವರವರ ಊರಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡರು. ಮನೆಯ ರೀತಿನೀತಿ ಬದಲಿಸಬೇಡಿ. ಮೊದಲೇ ಬಾಯಿಬಿಟ್ಟು ಹೇಳೋದನ್ನು ರೂಢಿ ಮಾಡಿಕೊಳ್ಳಿ.

ಮೊದಲು "ಬಿಗುಮಾನ"ದ ವಿಷಯ. ಡಿಸೆಂಬರ್ ಕೊನೆ ಅಂದರೆ ಅರೇಬಿಕಾ ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ರೋಬಸ್ಟಾ ಶುರುವಾಗುತ್ತಿರುತ್ತದೆ. ಸಂಜೆ ನಾಲ್ಕರಿಂದ ಆರರೊಳಗೆ ಹಣ್ಣು ತೂಕ ಆಗಬೇಕು, ಆಳುಗಳ ಲೆಕ್ಕ ಬರೆಯಬೇಕು, ಕಣದಲ್ಲಿ ಹರವಿದ ಕಾಫಿಯನ್ನು ಮಂಜು ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ದಾರಿಯಲ್ಲಿ ಅಲ್ಲಿ ಇಲ್ಲಿ ನಿಂತು ಬರುವ ಕಾರು ನಿಮ್ಮ ಗೇಟಿಗೆ ತಲುಪುವುದೂ ಅದೇ ಹೊತ್ತಿಗೆ. ನೀವು "ಬನ್ನಿ, ಕೂತ್ಕೊಳ್ಳಿ" ಅಂದು ಕಣದ ಕಡೆ ಓಡುತ್ತೀರಿ. ಅವರ ಕಣ್ಣಿಗೆ ಕಣದ ಅವಸರ ಕಾಣುವುದಿಲ್ಲ, ನಿಮ್ಮ ಬೆನ್ನು ಕಾಣುತ್ತದೆ. ಇನ್ನೊಬ್ಬರ ನಡತೆಗೆ ಸಂದರ್ಭವನ್ನು ಕಾರಣ ಮಾಡದೆ ಸ್ವಭಾವವನ್ನೇ ಕಾರಣ ಮಾಡುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರನ್ನೇ ಕೊಟ್ಟರು. "ಕೊಡಗಿನವರು ಗರ್ವಿಷ್ಠರು" ಅಂತ ಅವರು ಹೊರಡುತ್ತಾರೆ, "ಬೆಂಗಳೂರಿನವರಿಗೆ ದುಡ್ಡಿನ ಕೊಬ್ಬು" ಅಂತ ನಾವು ಉಳಿಯುತ್ತೇವೆ. ಇಬ್ಬರದೂ ಒಂದೇ ತಪ್ಪು.

ಇದಕ್ಕೆ ಪರಿಹಾರ ಸುಲಭ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ಮನೆಯ ಒಬ್ಬರು ಕಣಕ್ಕೆ ಹೋಗಲೇಬಾರದು, ಅತಿಥಿಗಳ ಜೊತೆಯೇ ಇರಬೇಕು. ಜನ ಇಲ್ಲದಿದ್ದರೆ ಮಧ್ಯಾಹ್ನ ಎರಡರೊಳಗೆ ಬರಲು ಹೇಳಿ. ಅದೂ ಆಗದಿದ್ದರೆ ಬೆಲ್ಲದ ಕಾಫಿ ಕೊಟ್ಟು, "ಇದು ನಮ್ಮ ಕೊಯ್ಲಿನ ಸಮಯ, ಆರೂವರೆಗೆ ಬಂದು ಕೂತು ಮಾತಾಡ್ತೇನೆ, ಬೇಕಿದ್ದರೆ ಕಣಕ್ಕೆ ಬನ್ನಿ" ಅನ್ನಿ. ಬಂದವರಿಗೆ ಹರವಿದ ಹಣ್ಣಿನ ಮೇಲೆ ಕಾಲಿಡಬಾರದು ಎಂದು ಮೊದಲೇ ಹೇಳಿ. ಹೇಳದಿದ್ದರೆ ಮಕ್ಕಳು ಅದರ ಮೇಲೆಯೇ ಆಡುತ್ತಾರೆ, ನೀವು ಗದರುತ್ತೀರಿ, ಮತ್ತೆ ಅದೇ ರಿವ್ಯೂ.

ಇನ್ನು ಜರ್ಮನಿಯವರು. ಮನುಷ್ಯರು ತಮ್ಮ ಸುತ್ತ ಎಷ್ಟು ಜಾಗ ಕಾಯ್ದುಕೊಳ್ಳುತ್ತಾರೆ ಎಂದು ಮೊದಲು ಅಳೆದು ಬರೆದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಮುಖ್ಯರು. 1966ರಲ್ಲಿ ಅವರು ಕೊಟ್ಟ ಲೆಕ್ಕದಲ್ಲಿ ಸುಮಾರು 45 ಸೆಂಟಿಮೀಟರಿನೊಳಗೆ ತೀರಾ ಆಪ್ತರು, 1.2 ಮೀಟರಿನವರೆಗೆ ಸ್ನೇಹಿತರು, ಅಲ್ಲಿಂದ ಆಚೆ ಪರಿಚಯದವರು. ಅದು ಅಮೆರಿಕದ ಮಧ್ಯಮ ವರ್ಗದವರನ್ನು ನೋಡಿ ಮಾಡಿದ ಲೆಕ್ಕ, ಊರಿಂದ ಊರಿಗೆ ಬದಲಾಗುತ್ತದೆ ಎಂದು ಅವರೇ ಹೇಳಿದ್ದಾರೆ. ನಮಗೆ ಕದ ಮುಚ್ಚಿದ ಕೋಣೆ ಅಂದರೆ ಹುಷಾರಿಲ್ಲವೋ, ಬೇಜಾರಾಗಿದೆಯೋ ಎಂಬ ಚಿಂತೆ. ಅವರಿಗೆ ಮುಚ್ಚಿದ ಕದ ಬರೀ ಮುಚ್ಚಿದ ಕದ. ಆದ್ದರಿಂದ ಬೆಳಿಗ್ಗೆ ಆರಕ್ಕೆ ಕಾಫಿ ಹಿಡಿದು ತಟ್ಟಬೇಡಿ. "ನಾಳೆ ಕಾಫಿ ಎಷ್ಟು ಹೊತ್ತಿಗೆ? ಮೇಜಿಗೋ, ಬಾಗಿಲ ಹತ್ತಿರವೋ?" ಎಂದು ಹಿಂದಿನ ರಾತ್ರಿಯೇ ಕೇಳಿ, ಫ್ಲಾಸ್ಕಿನಲ್ಲಿ ಇಟ್ಟುಬಿಡಿ. ವರಾಂಡದಲ್ಲಿ ಕುರ್ಚಿಗಳನ್ನೆಲ್ಲ ಒಂದೇ ಸುತ್ತಿಗೆ ಹಾಕದೆ ಎರಡು ಕುರ್ಚಿಯನ್ನು ತೋಟದ ಕಡೆ ಮುಖ ಮಾಡಿ ದೂರ ಇಡಿ. ಅಲ್ಲಿ ಕೂತವರು ಕರೆಯುವವರೆಗೆ ಹೋಗಬೇಡಿ.

ಪ್ರಶ್ನೆ ಕೇಳುವುದೂ ಇದೇ ಸಾಲಿಗೆ ಸೇರುತ್ತದೆ. ಹೊಸಬರು ಕಂಡರೆ "ಯಾವ ಮನೆಯವರು" ಎಂದು ಒಕ್ಕದ (ಮನೆತನದ) ಹೆಸರು ಕೇಳಿ ಗುರುತು ಹಿಡಿಯುವುದು ನಮ್ಮ ಪದ್ಧತಿ. ಒಕ್ಕವೇ ಇಲ್ಲದವರ ಹತ್ತಿರ ಅದು ಮದುವೆ, ಮಕ್ಕಳು, ಸಂಬಳದ ವಿಚಾರಣೆಯಾಗುತ್ತದೆ. ಮೊದಲು ನಿಮ್ಮದನ್ನು ಹೇಳಿ, "ನನಗೆ ಇಬ್ಬರು ಮಕ್ಕಳು, ಒಬ್ಬಳು ಮೈಸೂರಿನಲ್ಲಿ ಓದ್ತಾಳೆ" ಅಂತ. ಅವರಿಗೆ ಇಷ್ಟವಿದ್ದರೆ ತಮ್ಮದನ್ನು ಹೇಳುತ್ತಾರೆ. ಹೇಳದಿದ್ದರೆ ಮಳೆ, ಕಾಫಿ, ಮೆಣಸಿನ ಮಾತಿಗೆ ಹೊರಳಿ.

ಊಟದ ಹೊತ್ತಿನಲ್ಲಿ ಹೆಚ್ಚು ಎಡವಟ್ಟಾಗುತ್ತದೆ. ತಟ್ಟೆ ಖಾಲಿ ಕಂಡರೆ ಇನ್ನೊಂದು ಕಡಂಬುಟ್ಟು (ಅಕ್ಕಿಯ ಉಂಡೆ) ಹಾಕುವುದು ನಮ್ಮ ಪ್ರೀತಿ. ಬಡಿಸಿದ್ದನ್ನು ಬಿಡಬಾರದು ಎಂದು ಬೆಳೆದವರು ಹೊಟ್ಟೆ ಬಿರಿಯುವಂತೆ ತಿಂದು ಒಳಗೊಳಗೇ ಬೈದುಕೊಳ್ಳುತ್ತಾರೆ. ಬಡಿಸುವ ಮೊದಲೇ "ಸಾಕಾದಾಗ ತಟ್ಟೆ ಮೇಲೆ ಕೈ ಅಡ್ಡ ಹಿಡಿಯಿರಿ, ನಮಗೆ ಬೇಜಾರಿಲ್ಲ" ಎಂದು ಹಿಡಿದು ತೋರಿಸಿ. ಮನೆ ಹೆಂಗಸರು ಎಲ್ಲರದ್ದೂ ಆದ ಮೇಲೆ ಉಣ್ಣುವುದನ್ನು ಹೊರದೇಶದವರು "ಇವರನ್ನು ಕೂರಿಸಿಕೊಳ್ಳುವುದಿಲ್ಲ" ಎಂದು ಓದಿಕೊಳ್ಳುತ್ತಾರೆ. ಒಂದು ಹೊತ್ತಾದರೂ ನೀವೇ ಜೊತೆಗೆ ಕೂತು ಉಣ್ಣಿ, ಬಡಿಸುವುದನ್ನು ಯಜಮಾನರು ಮಾಡಲಿ.

ಹಂದಿ ಮಾಂಸದ ವಿಷಯ ಬುಕಿಂಗ್ ಫೋನಿನಲ್ಲೇ ಮುಗಿಯಬೇಕು. "ನಮ್ಮ ಅಡುಗೆಮನೆಯಲ್ಲಿ ಪಂದಿ ಕರಿ ಮಾಡ್ತೇವೆ, ನಿಮಗೆ ತೊಂದರೆಯಿದೆಯಾ?" ಎಂದು ನೇರವಾಗಿ ಕೇಳಿ. ಮುಸ್ಲಿಮರು ಬರುವುದಾದರೆ, ಶುದ್ಧ ಸಸ್ಯಾಹಾರಿಗಳಾದರೆ ಪ್ರತ್ಯೇಕ ಪಾತ್ರೆ, ಸೌಟು, ಎಣ್ಣೆ ಇಡಲು ನಿಮ್ಮಿಂದ ಆಗುತ್ತದೆಯೇ ಎಂದು ಆಗಲೇ ತಿಳಿಸಿ. ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ನಡೆಯುವುದಿಲ್ಲ. ಅವರಿಗೆ ನೂಪುಟ್ಟು (ಅಕ್ಕಿ ಶಾವಿಗೆ), ಕಾಯಿಹಾಲು ಕೊಡಬಹುದು. ಆಗದಿದ್ದರೆ ಆಗುವುದಿಲ್ಲ ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಊಟಕ್ಕೆ ಕೂತ ಮೇಲೆ ಗೊತ್ತಾದರೆ ಮಾತ್ರ ಕ್ಷಮಿಸುವುದಿಲ್ಲ.

ಮದ್ಯದ ಬಗ್ಗೆಯೂ ಬಿಚ್ಚಿ ಹೇಳಬೇಕು. ಕೊಡವ ಮನೆಯಲ್ಲಿ ಹಿರಿಯರ ಎದುರು ಗ್ಲಾಸು ಹಿಡಿಯುವುದು ಮರ್ಯಾದೆಗೆ ಕುಂದಲ್ಲ, ಗುರುಕಾರಣರಿಗೂ (ತೀರಿಹೋದ ಕುಲದ ಹಿರಿಯರಿಗೂ) ಇಡುತ್ತೇವೆ. ಅದನ್ನು ಕೇಳಿಸಿಕೊಂಡು ಬಂದವರು "ಇಲ್ಲಿ ಏನು ಮಾಡಿದರೂ ನಡೆಯುತ್ತೆ" ಅಂದುಕೊಂಡು ಸ್ಪೀಕರ್ ಹೊರಗೆ ತರುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಆನೆ ಓಡಾಡುವ ತೋಟದಲ್ಲಿ ಕತ್ತಲಾದ ಮೇಲೆ ಅಂಗಳ ದಾಟಬಾರದು ಎಂಬುದನ್ನೂ ಜೊತೆಗೇ ಹೇಳಿ. ನಿಯಮವನ್ನು ಕಾರಣದ ಸಮೇತ ಹೇಳಿದರೆ ಕೇಳುತ್ತಾರೆ. ಬರೀ ಬೋರ್ಡು ಹಾಕಿದರೆ ಅದು ಗದರಿಕೆಯಂತೆ ಕಾಣುತ್ತದೆ.

ನಮ್ಮ ಮಾತಿನ ರೀತಿಯನ್ನೂ ಗಮನಿಸಿ. "ಜೀಪು ಬರಬಹುದು", "ನೋಡೋಣ", "ಇಲ್ಲೇ ಹತ್ತಿರ" ಅಂದರೆ ನಮ್ಮವರಿಗೆ ಒಳಾರ್ಥ ಗೊತ್ತು. ಹೊರಗಿನವರು ಹೌದು ಅಂತಲೇ ಹಿಡಿಯುತ್ತಾರೆ. ತಲೆ ಅಡ್ಡಡ್ಡ ಆಡಿಸಿ ಸಮ್ಮತಿಸಿದರೆ ಯುರೋಪಿನವರಿಗೆ ಇಲ್ಲ ಅಂದಂತೆ ಕಾಣಬಹುದು, ಬಾಯಲ್ಲೂ ಹೇಳಿ. ಜೀಪಿನಲ್ಲಿ ಹೋಗಿ ನೋಡುವ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೊರಟವರಿಗೆ "ಮಂಜು ಕವಿದರೆ ಏನೂ ಕಾಣುವುದಿಲ್ಲ, ಜೀಪಿನ ದುಡ್ಡು ವಾಪಸ್ ಬರುವುದಿಲ್ಲ" ಎಂದು ಹೊರಡುವ ಮೊದಲೇ ತಿಳಿಸಿ.

ಐನ್‌ಮನೆ (ಒಕ್ಕದ ಮೂಲ ಮನೆ) ತೋರಿಸುವುದಾದರೆ ಮೆಟ್ಟಿಲ ಕೆಳಗೇ ನಿಲ್ಲಿಸಿ ಚಪ್ಪಲಿ ಬಿಡಿಸಿ. ನೆಲ್ಲಕ್ಕಿಯ (ನಡುಮನೆಯ) ದೀಪ ಯಾಕೆ, ಅಲ್ಲಿ ಯಾಕೆ ಫೋಟೋ ಬೇಡ ಎಂದು ಎರಡು ಮಾತು ಹೇಳಿ ಆಮೇಲೆ ಒಳಗೆ ಕರೆಯಿರಿ. ದೇವರಕಾಡು ಅವರಿಗೆ ಬರೀ ಕಾಡಿನಂತೆ ಕಾಣುತ್ತದೆ, ಜೊತೆಗೆ ಹೋಗದೆ ಕಳಿಸಬೇಡಿ. ಕೋವಿ ಕೈಗೆ ಕೊಡಲೇಬೇಡಿ. ಲೈಸೆನ್ಸ್ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ, ಅತಿಥಿಗೆ ಅಲ್ಲ. ತೋಟದ ಆಳುಗಳಿರುವ ಲೈನ್‌ಮನೆ ಕಡೆ ಕ್ಯಾಮೆರಾ ತಿರುಗಿಸುವುದನ್ನು ಖಡಾಖಂಡಿತವಾಗಿ ತಡೆಯಿರಿ. ಹಣ್ಣು ಕೊಯ್ಯುವ ಹೆಂಗಸರು, ಅವರ ಮಕ್ಕಳು ನೋಟಕ್ಕೆ ಇಟ್ಟವರಲ್ಲ. ಕೇಳಿ, ಒಪ್ಪಿದರೆ ಮಾತ್ರ ಫೋಟೋ.

ಅಕ್ಕಪಕ್ಕದ ಮನೆಯವರನ್ನು ಮರೆಯಬೇಡಿ. ಪ್ರವಾಸಿಗರು ಹೆಚ್ಚಾದಂತೆ ಊರಿನವರ ಮನಸ್ಸು ಸಡಗರದಿಂದ ಉದಾಸೀನಕ್ಕೆ, ಅಲ್ಲಿಂದ ಕಿರಿಕಿರಿಗೆ, ಕೊನೆಗೆ ದ್ವೇಷಕ್ಕೆ ಇಳಿಯುತ್ತದೆ ಎಂದು ಪ್ರವಾಸೋದ್ಯಮದ ಸಂಶೋಧಕ ಜಾರ್ಜ್ ಡಾಕ್ಸಿ 1975ರಲ್ಲೇ ಹೇಳಿದ್ದರು. ಹಾರ್ನ್, ಧೂಳು ಅವರಿಗೆ, ಬಾಡಿಗೆ ನಿಮಗೆ ಆದರೆ ಮೂರನೆಯ ಮೆಟ್ಟಿಲಿಗೆ ಬೇಗ ತಲುಪುತ್ತಾರೆ. ಮೊಟ್ಟೆ, ತರಕಾರಿ, ಜೇನು ಅವರಿಂದ ಕೊಳ್ಳಿ. ಗಾಡಿ ನಿಮ್ಮ ಗೇಟಿನೊಳಗೇ ನಿಲ್ಲಲಿ.

ಹೊರದೇಶದವರ ಪಾಸ್‌ಪೋರ್ಟ್ ಕೇಳುವಾಗ "ಹೊರದೇಶದ ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕೆಂಬುದು ಸರ್ಕಾರಿ ನಿಯಮ, ಎಲ್ಲರಿಗೂ ಒಂದೇ" ಎಂದು ಹೇಳಿ ಕೇಳಿ. ಫೋಟೋ ತೆಗೆದುಕೊಂಡು ಪಾಸ್‌ಪೋರ್ಟನ್ನು ಅವರ ಎದುರೇ ವಾಪಸ್ ಕೊಡಿ. ಒಳಗೆ ಒಯ್ದರೆ ಅನುಮಾನ ಬರುತ್ತದೆ.

ಈಗ ಬಂದಿರುವ ಎರಡು ರಿವ್ಯೂಗೆ ವಾದ ಮಾಡದೆ ಎರಡೆರಡು ಸಾಲು ಬರೆಯಿರಿ. ಬೆಂಗಳೂರಿನವರಿಗೆ: "ಕಾಫಿ ಕೊಯ್ಲಿನ ಸಂಜೆಯಾದ್ದರಿಂದ ನಿಮ್ಮ ಜೊತೆ ಕೂರಲಾಗಲಿಲ್ಲ, ಹೇಳಿಹೋಗಬೇಕಿತ್ತು. ಈಗ ಆ ಹೊತ್ತಿಗೆ ಮನೆಯಲ್ಲಿ ಒಬ್ಬರು ಇರುತ್ತೇವೆ." ಜರ್ಮನಿಯವರಿಗೆ: "ವಿಚಾರಿಸುತ್ತಿರುವುದು ನಮ್ಮ ಮನೆಯ ಪದ್ಧತಿ. ಏಕಾಂತ ಬಯಸುವವರಿಗಾಗಿ ತೋಟದ ಕಡೆ ಬೇರೆ ಜಾಗ ಮಾಡಿದ್ದೇವೆ." ಕುರ್ಚಿ ಹಾಕಿದ ಮೇಲೆಯೇ ಇದನ್ನು ಹಾಕಿ. ಮುಂದೆ ಬರುವವರು ರಿವ್ಯೂ ಜೊತೆಗೆ ನಿಮ್ಮ ಉತ್ತರವನ್ನೂ ಓದಿಯೇ ಫೋನ್ ಮಾಡುತ್ತಾರೆ.