ಮಂಗಳೂರಿನಲ್ಲಿ ಕಟ್ಟಡ ಕೆಲಸದ ಸೈಟಿನ ಶೆಡ್ಡಿನಲ್ಲಿದ್ದೇವೆ, ಹಳೇ ಶಾಲೆಯ ಟಿಸಿ (ವರ್ಗಾವಣೆ ಪತ್ರ) ಇಲ್ಲ. ಐದನೇ ಕ್ಲಾಸಿನ ಮಗಳನ್ನು ಊರಿಗೆ ಅಜ್ಜಿ ಹತ್ತಿರ ಕಳಿಸುವುದಾ, ಬಾಡಿಗೆ ಮನೆ ಸಿಗುವ ತನಕ ಕಾಯುವುದಾ?

ಎರಡೂ ಬೇಡ. ನಾಳೆ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹತ್ತಿರದ ಸರಕಾರಿ ಶಾಲೆಗೆ ಹೋಗಿ. ಹೋಗುವ ಮೊದಲು ಒಂದು ಬಿಳಿ ಹಾಳೆ ತಗೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಕುಷ್ಟಗಿ ಕಡೆಯ ಹಳ್ಳಿ. ಅಪ್ಪ ಮೊದಲೇ ಮಂಗಳೂರಿನಲ್ಲಿ ಕಾಂಕ್ರೀಟ್ ಕೆಲಸದಲ್ಲಿದ್ದರು. 2013ರ ಮೇ ಕೊನೆಗೆ ಅವ್ವ, ನಾನು, ತಂಗಿ ಎಲ್ಲರೂ ಬಂದುಬಿಟ್ಟೆವು. ಕಂಕನಾಡಿ ಹತ್ತಿರ ಏಳುತ್ತಿದ್ದ ಒಂದು ಕಟ್ಟಡದ ಹಿಂದೆ ತಗಡು, ಟಾರ್ಪಾಲಿನ ಶೆಡ್ಡು. ಇಲ್ಲಿನ ಮಳೆ ಎಂಥದ್ದು ಅಂತ ನಿಮಗೂ ಈಗ ಗೊತ್ತಾಗಿರುತ್ತದೆ. ತಂಗಿ ತನ್ನ ಪುಸ್ತಕದ ಬ್ಯಾಗನ್ನು ಖಾಲಿ ಸಿಮೆಂಟ್ ಚೀಲದೊಳಗೆ ತುರುಕಿ, ಸೆಂಟ್ರಿಂಗಿನವರ ಬೈಂಡಿಂಗ್ ತಂತಿಯಲ್ಲಿ ಬಾಯಿ ಕಟ್ಟಿ, ಮೇಲಿನ ಪೈಪಿಗೆ ನೇತು ಹಾಕಿದ್ದಳು. ನೆಲಕ್ಕಿಟ್ಟರೆ ಬೆಳಗಾಗುವುದರೊಳಗೆ ಒದ್ದೆ. ಏಳನೇ ಕ್ಲಾಸಿಗೆ ಹೋಗಬೇಕಿದ್ದ ಹುಡುಗಿ.

ಜೂನ್ ಮೊದಲ ವಾರ ನಾನೇ ಅವಳನ್ನು ಶಾಲೆಗೆ ಕರೆದುಕೊಂಡು ಹೋದೆ. ನನಗೆ ಆಗ 19. ಹೆಡ್ ಮಾಸ್ತರರು ಕೆಟ್ಟವರಲ್ಲ, ಬೈಯಲೂ ಇಲ್ಲ. "ಟಿಸಿ ತನ್ನಿ, ವಿಳಾಸಕ್ಕೆ ಏನಾದ್ರೂ ದಾಖಲೆ ತನ್ನಿ, ಮತ್ತೆ ನೋಡುವ" ಎಂದರು. ನಾನು "ಆಯ್ತು ಸಾರ್" ಎಂದು ವಾಪಸ್ ಬಂದೆ.

ತಪ್ಪಾಗಿದ್ದು ಅಲ್ಲೇ. ಟಿಸಿ ಇಲ್ಲದ್ದಲ್ಲ ತಪ್ಪು, ಶೆಡ್ಡಿನಲ್ಲಿ ಇದ್ದದ್ದೂ ಅಲ್ಲ. ಬಾಯಲ್ಲಿ ಕೇಳಿ ಬಾಯಲ್ಲೇ ಉತ್ತರ ಇಸ್ಕೊಂಡು ಬಂದೆನಲ್ಲ, ಅದು. ಒಂದು ಅರ್ಜಿ ಬರೆದು ಕೊಟ್ಟು, ಅದರ ಜೆರಾಕ್ಸ್ ಮೇಲೆ ಸೀಲು ಹಾಕಿಸಿಕೊಂಡಿದ್ದರೆ ಅವರು ಒಂದೋ ಸೇರಿಸಿಕೊಳ್ಳಬೇಕಿತ್ತು, ಇಲ್ಲಾ ಯಾಕೆ ಆಗಲ್ಲ ಅಂತ ಬರೆದು ಕೊಡಬೇಕಿತ್ತು, ಹಾಗೆ ಬರೆದು ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ನಾನು ಮಾಡಿದ್ದೇನು? ಬಿಜೈಯಲ್ಲಿ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ಊರಿನ ಶಾಲೆಯಲ್ಲಿ "ರಿಜಿಸ್ಟರ್ ಇಟ್ಟವರು ರಜೆ, ಮುಂದಿನ ವಾರ ಬಾ" ಎಂದರು. ಎರಡು ದಿನದ ಕೂಲಿ ಹೋಯಿತು. ಮತ್ತೆ ಆಗಸ್ಟಿನಲ್ಲಿ ಹೋದೆ, ಆಗ ಇನ್ನೇನೋ ನೆಪ. ಕೊನೆಗೆ ಟಿಸಿ ಕೈಗೆ ಬಂದಾಗ ದಸರಾ ರಜೆ ಮುಗಿದಿತ್ತು. ಓಡಿಕೊಂಡು ಹೋದರೆ "ಈಗ ಅರ್ಧ ವರ್ಷ ಹೋಯ್ತಲ್ಲ ಮಾರಾಯ, ಮುಂದಿನ ಜೂನಿಗೆ ಬನ್ನಿ". ಜೂನಿನಲ್ಲೇ ಬಂದಿದ್ದೆ ಎಂದೆ. "ಬಂದದ್ದಕ್ಕೆ ಏನಾದ್ರೂ ಉಂಟಾ?" ಎಂದು ಕೇಳಿದರು. ಏನೂ ಇರಲಿಲ್ಲ.

ಆ ವರ್ಷ ತಂಗಿ ಪಕ್ಕದ ಶೆಡ್ಡಿನ ಕೂಸು ಆಡಿಸಿದಳು, ಎಂಟು ಜನಕ್ಕೆ ರೊಟ್ಟಿ ಬಡಿದಳು.

ಕಾನೂನು ಬಂದು ಆಗಲೇ ಮೂರು ವರ್ಷವಾಗಿತ್ತು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ, 6ರಿಂದ 14 ವರ್ಷದ ಮಕ್ಕಳಿಗೆ. ಮರುವರ್ಷ ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಶೆಡ್ಡಿಗೆ ಬಂದ ಒಬ್ಬರು ಟೀಚರ್ ಹೇಳಿದ ಮೇಲೇ ನನಗೆ ಗೊತ್ತಾದದ್ದು. ಸರಕಾರಿ, ಅನುದಾನಿತ ಶಾಲೆಗೆ ಸೇರುವಾಗ ಟಿಸಿ ತಡವಾಯಿತು ಎಂದು ಮಗುವನ್ನು ಕಾಯಿಸುವಂತಿಲ್ಲ, ಅದು 5ನೇ ಸೆಕ್ಷನ್. ಟಿಸಿ ಕೊಡಲು ಸತಾಯಿಸಿದ ಹೆಡ್ ಮಾಸ್ತರರ ಮೇಲೇ ಶಿಸ್ತು ಕ್ರಮ ಆಗುತ್ತದೆ ಎಂದೂ ಅದರಲ್ಲೇ ಇದೆ. ಹುಟ್ಟಿದ ದಿನಾಂಕದ ದಾಖಲೆ ಇಲ್ಲ ಎಂದು ನಿರಾಕರಿಸುವಂತಿಲ್ಲ, ಅದು 14. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ಅದು 15. ಬೇರೆ ಊರಿಂದ ದುಡಿಯಲು ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕೆಲಸ ಎಂದು 9ನೇ ಸೆಕ್ಷನ್ನಿನಲ್ಲಿ ಬರೆದೇ ಇದೆ. ಅಂದರೆ ಓಡಾಡಬೇಕಾದವರು ನಾವಲ್ಲ, ಅವರು. ಇನ್ನು ಆಧಾರ್ ಕೇಳಿದರೆ, ಶಾಲೆಗೆ ಸೇರಲು ಅದು ಕಡ್ಡಾಯವಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಈ ಸೆಕ್ಷನ್ ನಂಬರುಗಳನ್ನು ಜಗಳಕ್ಕೆ ಬಳಸಬೇಡಿ. ಸುಮ್ನೆ ಅರ್ಜಿಯಲ್ಲಿ ಬರೆಯಿರಿ, ಸಾಕು.

ಊರಲ್ಲಿ ಅಜ್ಜಿ ಹತ್ತಿರ ಬಿಡುವ ಯೋಚನೆ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸಲಿಕ್ಕಿಲ್ಲ. ಹಾಗೆ ಬಿಟ್ಟು ಬಂದ ನಮ್ಮ ಕಡೆಯ ಎಷ್ಟೋ ಹುಡುಗಿಯರು ಅಜ್ಜಿಯನ್ನೇ ನೋಡಿಕೊಳ್ಳುತ್ತಾ ಕೂತರು. ಬಾಡಿಗೆ ಮನೆಗೂ ಶಾಲೆಗೂ ಗಂಟು ಹಾಕಬೇಡಿ. ನಮಗೆ ಮನೆ ಸಿಕ್ಕಿದ್ದು ಐದು ವರ್ಷದ ಮೇಲೆ, ಅಷ್ಟರಲ್ಲಿ ತಂಗಿಯ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಸೈಟಿನವರು ನಾಲ್ಕು ತಿಂಗಳಿಗೆ ಬೇರೆ ಕಡೆ ಕಳಿಸಿದರೆ? ಮತ್ತೆ ಅಲ್ಲಿ ಸೇರಿಸಿ. ತೊಂದರೆ ಇದೆ, ಇಲ್ಲ ಅನ್ನಲ್ಲ, ಆದರೆ ರಿಜಿಸ್ಟರಿನಿಂದ ಹೆಸರು ಬಿಟ್ಟುಹೋಗುವುದಕ್ಕಿಂತ ವಾಸಿ.

ಅರ್ಜಿಯಲ್ಲಿ ವಿಳಾಸ ಅಂತ ಇರುವಲ್ಲಿ ನಾಚಿಕೆ ಪಡಬೇಡಿ, ಇಂಥ ಕಟ್ಟಡದ ಹಿಂದಿನ ಶೆಡ್ಡು ಎಂದೇ ಬರೆಯಿರಿ. "ಟಿಸಿ ಬಂದ ಕೂಡಲೇ ಕೊಡುತ್ತೇವೆ, ಇವತ್ತೇ ದಾಖಲಿಸಿಕೊಳ್ಳಿ" ಎಂದು ಸೇರಿಸಿ. ಹಳೇ ಶಾಲೆಯ ಎಸ್‌ಎಟಿಎಸ್ ನಂಬರ್ (ವಿದ್ಯಾರ್ಥಿಯ ಆನ್‌ಲೈನ್ ದಾಖಲೆಯ ನಂಬರ್) ಮಾರ್ಕ್ಸ್ ಕಾರ್ಡಿನಲ್ಲಿ ಇದ್ದರೆ ಅದನ್ನೂ ಬರೆಯಿರಿ. ಆಗಲ್ಲ ಎಂದರೆ ಅದೇ ಜೆರಾಕ್ಸ್ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ, ಅಲ್ಲೂ ಸೀಲು ಹಾಕಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು.

ಹೊರಗೆ ಮಳೆ ಇದ್ದರೆ ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಗಿಯೊಳಗೆ ಇಟ್ಟುಕೊಂಡು ಹೋಗಿ. ಇಂಕು ಬೇಗ ಹರಡುತ್ತದೆ.